ಪ್ಯಾರಿಸ್ ಕೋರ್ಟಿನ ಕಟಕಟೆಯಲ್ಲಿ ಐಪಿ ವಿಳಾಸ

1990ರ ದಶಕದ ನಡುವಿನಲ್ಲಿ ವೆಬ್ ಸರ್ವರ್ ನೋಡಿಕೊಳ್ಳುತ್ತಿದ್ದವರ ಕೈಯಲ್ಲಿ ಒಂದು ಅಗ್ಗದ ಬೀಗವಿತ್ತು. ಸರ್ವರಿನ ಫೋಲ್ಡರಿನಲ್ಲಿ ಪುಟ್ಟದೊಂದು ಫೈಲ್ ಇಟ್ಟು, ಅದರಲ್ಲಿ ‘ಡಿನೈ ಫ್ರಮ್’ ಎಂದು ಬರೆದು, ಮುಂದೆ ಐಪಿ ವಿಳಾಸದ, ಅಂದರೆ ಅಂತರ್ಜಾಲದಲ್ಲಿ ಕಂಪ್ಯೂಟರನ್ನು ಗುರುತಿಸುವ ಅಂಕಿಸಾಲಿನ, ಮೊದಲ ಎರಡು ಮೂರು ಸಂಖ್ಯೆ ಹಾಕಿದರೆ ಸಾಕು. ಹಾಗೆ ಶುರುವಾಗುವ ವಿಳಾಸಗಳಿಂದ ಬಂದವರಿಗೆಲ್ಲ ಪುಟದ ಬದಲು 403 ಎಂಬ ನಿರಾಕರಣೆ ಸಿಗುತ್ತಿತ್ತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಈ ಏರ್ಪಾಡನ್ನು 1995ರಲ್ಲಿ ಬಂದ ಅಪಾಚೆ ಸರ್ವರ್ ಮನೆಮಾತಾಗಿಸಿತು. ತಂಟೆಕೋರರನ್ನು ಆಚೆ ಇಡಲು, ಕಾಲೇಜಿನ ಪುಟ ಕಾಲೇಜಿನೊಳಗೇ ಇರುವಂತೆ ನೋಡಿಕೊಳ್ಳಲು ಇಷ್ಟು ಸಾಕಾಗಿತ್ತು.

ಇಡೀ ದೇಶವನ್ನೇ ಹೀಗೆ ಹೊರಗಿಡಬಹುದೇ? ಪ್ರಶ್ನೆ ಎದ್ದದ್ದು ಕೋರ್ಟಿನಲ್ಲಿ.

ಯಾಹೂ ತಾಣದ ಹರಾಜು ವಿಭಾಗದಲ್ಲಿ ನಾಜಿ ಪದಕ, ಬ್ಯಾಡ್ಜುಗಳು ಬಿಕರಿಯಾಗುತ್ತಿದ್ದವು. ಫ್ರಾನ್ಸಿನಲ್ಲಿ ಇಂಥವನ್ನು ಪ್ರದರ್ಶಿಸುವುದೇ ಅಪರಾಧ. ಎರಡು ಸಂಘಟನೆಗಳು ದಾವೆ ಹೂಡಿದವು. ತನ್ನ ಸರ್ವರ್ ಅಮೆರಿಕದಲ್ಲಿದೆ, ನೋಡುವವರು ಯಾವ ದೇಶದವರೆಂದು ತಿಳಿಯುವುದು ಅಸಾಧ್ಯ ಎಂಬುದು ಯಾಹೂ ವಾದ. ಆದರೆ ಫ್ರಾನ್ಸಿನಿಂದ ಬಂದವರಿಗೆ ಅದೇ ತಾಣ ಫ್ರೆಂಚ್ ಜಾಹೀರಾತು ತೋರಿಸುತ್ತಿತ್ತು! ಮಾರಲು ಗೊತ್ತಾಗುವ ಊರು ತಡೆಯಲು ಗೊತ್ತಾಗುವುದಿಲ್ಲವೆಂದರೆ ಯಾರು ನಂಬಿಯಾರು?

ನ್ಯಾಯಾಧೀಶ ಜಾನ್-ಜಾಕ್ ಗೋಮೆಜ್ ಮೂವರು ತಜ್ಞರನ್ನು ನೇಮಿಸಿದರು. ಅವರಲ್ಲಿ ಒಬ್ಬರು ಐಪಿ ವ್ಯವಸ್ಥೆಯನ್ನು ರೂಪಿಸಿದ ಇಬ್ಬರಲ್ಲೊಬ್ಬರಾದ ವಿಂಟ್ ಸರ್ಫ್, ಇನ್ನೊಬ್ಬರು ಅಪಾಚೆ ತಂಡದ ಬೆನ್ ಲಾರಿ. ಬೀಗ ಮಾಡಿದವರನ್ನೇ ಕರೆದು ಅದರ ಗಟ್ಟಿತನ ಕೇಳಿದಂತೆ. ಫ್ರಾನ್ಸಿನ ಬಳಕೆದಾರರಲ್ಲಿ ಸುಮಾರು ಶೇ. 70 ಮಂದಿಯನ್ನು ವಿಳಾಸದಿಂದಲೇ ಗುರುತಿಸಬಹುದು, ರಾಷ್ಟ್ರೀಯತೆಯನ್ನು ಅವರಿಂದಲೇ ಹೇಳಿಸಿಕೊಂಡರೆ ಇದು ಶೇ. 90ರ ಹತ್ತಿರ ಹೋಗುತ್ತದೆ ಎಂದಿತು ವರದಿ. ಉಳಿದವರ ಪಾಡು ವಿಚಿತ್ರ. ಅಂತರ್ಜಾಲ ಸಂಪರ್ಕ ಕೊಡುತ್ತಿದ್ದ ಎಒಎಲ್ ಕಂಪನಿಯ ಚಂದಾದಾರ ಪ್ಯಾರಿಸ್ಸಿನಲ್ಲೇ ಕೂತಿದ್ದರೂ ಅವನ ವಿಳಾಸ ಆ ಕಂಪನಿಯ ಆಗಿನ ನೆಲೆಯಾದ ಅಮೆರಿಕದ ವರ್ಜೀನಿಯಾದ್ದೆಂದು ಕಾಣುತ್ತಿತ್ತು. ವಿಳಾಸ ಹೇಳುವುದು ಸಂಪರ್ಕ ಕೊಟ್ಟ ಕಂಪನಿಯ ಜಾಡನ್ನೇ ಹೊರತು ಕೂತ ಮನುಷ್ಯನ ಕುರ್ಚಿಯನ್ನಲ್ಲ.

ಕೋರ್ಟಿಗೆ ಅಷ್ಟೇ ಸಾಕಾಯಿತು. 2000ದ ನವೆಂಬರ್ 20ರಂದು ಆದೇಶ ಬಂತು: ಫ್ರಾನ್ಸಿನ ಬಳಕೆದಾರರು ಆ ಹರಾಜನ್ನು ನೋಡದಂತೆ ಯಾಹೂ ಮೂರು ತಿಂಗಳಲ್ಲಿ ತಡೆಯಬೇಕು, ತಪ್ಪಿದರೆ ದಿನಕ್ಕೆ ಒಂದು ಲಕ್ಷ ಫ್ರಾಂಕ್ ದಂಡ. ಈ ತಡೆಯನ್ನು ದಾಟುವುದು ನೀರು ಕುಡಿದಷ್ಟು ಸುಲಭ ಎಂಬ ಧಾಟಿಯಲ್ಲಿ ಲಾರಿ ಕೂಡಲೇ ಬಹಿರಂಗವಾಗಿ ಬರೆದರು. ಬರಹಕ್ಕೆ ಕೊಟ್ಟ ಹೆಸರೇ ತಜ್ಞನ ಕ್ಷಮಾಯಾಚನೆ. ಯಾಹೂ 2001ರ ಆರಂಭದಲ್ಲಿ ಅಂಥ ವಸ್ತುಗಳನ್ನು ಹರಾಜಿನಿಂದಲೇ ತೆಗೆಯಿತು, ಆದೇಶಕ್ಕೂ ಇದಕ್ಕೂ ಸಂಬಂಧವಿಲ್ಲವೆಂದಿತು. ಅಮೆರಿಕದ ಕೋರ್ಟುಗಳಲ್ಲಿ ವ್ಯಾಜ್ಯ 2006ರವರೆಗೂ ಎಳೆಯಿತು.

ಅಷ್ಟರಲ್ಲಿ ಗಾಳಿ ತಿರುಗಿತ್ತು. ಸಿನಿಮಾ, ಕ್ರೀಡೆಗಳ ಪ್ರಸಾರ ಹಕ್ಕು ದೇಶವಾರು ಮಾರಾಟವಾಗುವುದರಿಂದ ಕಂಪನಿಗಳೇ ಈ ತಡೆಯನ್ನು ಬಯಸತೊಡಗಿದವು. 2018ರ ಮೇ 25ರಂದು ಯುರೋಪಿನ ಹೊಸ ಖಾಸಗಿತನದ ಕಾನೂನು ಜಾರಿಗೆ ಬಂದಾಗ ಲಾಸ್ ಏಂಜಲೀಸ್ ಟೈಮ್ಸ್, ಶಿಕಾಗೊ ಟ್ರಿಬ್ಯೂನ್ ತಾಣಗಳು ಅಲ್ಲಿನ ಓದುಗರನ್ನು ಹೊರಗಿಟ್ಟವು. ಹಾಗೆ ಮಾಡಿ ಎಂದು ಈ ಸಲ ಯಾವ ನ್ಯಾಯಾಧೀಶರೂ ಹೇಳಿರಲಿಲ್ಲ.