ಹಬ್ಬ ಮುಗಿದ ವಾರದ ಬಳಿಕ ಬರುತ್ತಿದ್ದ ಸಾವು

ಕಾಲಿಗೆ ಮೊಳೆ ಚುಚ್ಚಿದರೆ, ಕೈಗೆ ಕತ್ತಿ ತಾಗಿದರೆ ನಮ್ಮ ಮನೆಗಳಲ್ಲಿ ಹಿರಿಯರು ಮೊದಲು ಕೇಳುವ ಪ್ರಶ್ನೆ ಒಂದೇ: "ಟಿ.ಟಿ. ಇಂಜೆಕ್ಷನ್ ಹಾಕಿಸಿಕೊಂಡೆಯಾ?" ಗಾಯ ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು. ಈ ಪ್ರಶ್ನೆ ಎಷ್ಟು ಸಹಜವಾಗಿಬಿಟ್ಟಿದೆಯೆಂದರೆ ಅದರ ಹಿಂದಿನ ಭಯ ಈಗ ನಮಗೆ ನೆನಪಿಲ್ಲ. ಆ ಭಯದ ಹೆಸರು ಧನುರ್ವಾಯು. ಮೊದಲು ದವಡೆ ಬಿಗಿಯುತ್ತದೆ, ಬಾಯಿ ತೆರೆಯಲಾಗುವುದಿಲ್ಲ. ಬಳಿಕ ಬೆನ್ನು, ಕುತ್ತಿಗೆಯ ಸ್ನಾಯುಗಳು ಸೆಟೆದು ದೇಹ ಬಿಲ್ಲಿನಂತೆ ಬಾಗುತ್ತದೆ. ರೋಗಿಗೆ ಕೊನೆಯವರೆಗೂ ಪ್ರಜ್ಞೆ ಇರುತ್ತದೆ.

ಸುಮಾರು 120 ವರ್ಷಗಳ ಹಿಂದೆ ಈ ಕಾಯಿಲೆ ಒಂದು ದೇಶದಲ್ಲಿ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಗುಂಪುಗುಂಪಾಗಿ ಕಾಣಿಸಿಕೊಳ್ಳುತ್ತಿತ್ತು. ದೇಶ ಅಮೆರಿಕ, ತಿಂಗಳು ಜುಲೈ. ಸಾಯುತ್ತಿದ್ದವರಲ್ಲಿ ಹೆಚ್ಚಿನವರು ಹುಡುಗರು. ಕಾರಣ, ಅಂಗೈಯಲ್ಲಿ ಆದ ಒಂದು ಸಣ್ಣ ಗಾಯ. ಆ ಗಾಯ ಆಗುತ್ತಿದ್ದುದು ದೇಶದ ಅತಿ ದೊಡ್ಡ ಸಾರ್ವಜನಿಕ ಹಬ್ಬದ ದಿನ.

ಜುಲೈ 4 ಅಮೆರಿಕದ ಸ್ವಾತಂತ್ರ್ಯ ದಿನ. 1776ರಲ್ಲಿ ಸ್ವಾತಂತ್ರ್ಯ ಘೋಷಣೆಯ ಹೊತ್ತಿನಲ್ಲೇ, ಮುಂದೆ ಅಧ್ಯಕ್ಷರಾದ ಜಾನ್ ಆಡಮ್ಸ್ ತಮ್ಮ ಪತ್ನಿಗೆ ಬರೆದ ಪತ್ರದಲ್ಲಿ, ಸ್ವಾತಂತ್ರ್ಯದ ದಿನವನ್ನು ಮುಂದಿನ ತಲೆಮಾರುಗಳು ತುಪಾಕಿ, ಗಂಟೆ, ದೀಪಗಳೊಂದಿಗೆ ಆಚರಿಸುವರೆಂದು ನಿರೀಕ್ಷಿಸಿದ್ದರು. ಅವರ ನಿರೀಕ್ಷೆ ಹುಸಿಯಾಗಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಚೀನಾದ ಪಟಾಕಿ ಅಗ್ಗವಾಗಿ ಬರತೊಡಗಿತು. ಅಂತರ್ಯುದ್ಧದ ನಂತರದ ದಶಕಗಳಲ್ಲಿ ಮಕ್ಕಳ ಕೈಗೆ ಆಟದ ಪಿಸ್ತೂಲು ಬಂತು. ಅದರಲ್ಲಿ ಗುಂಡಿರಲಿಲ್ಲ. ಮದ್ದು ತುಂಬಿ, ಮೇಲೆ ಕಾಗದ ಅಥವಾ ರಟ್ಟಿನ ಬಿರಡೆ ಒತ್ತಿದ ತೋಟಾ ಮಾತ್ರ ಇರುತ್ತಿತ್ತು. ಗುಂಡಿಲ್ಲವಾದ್ದರಿಂದ ಅಪಾಯವಿಲ್ಲ ಎಂಬುದು ಹೆತ್ತವರ ನಂಬಿಕೆ.

ಅಪಾಯ ಇದ್ದುದು ಆ ಬಿರಡೆಯಲ್ಲೇ. ಹುಡುಗ ಪಿಸ್ತೂಲನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಅದರ ಬಾಯಿಯ ಬಳಿ ಏನೋ ಸರಿಪಡಿಸುತ್ತಿರುವಾಗ ಅದು ಸಿಡಿದರೆ ರಟ್ಟಿನ ಚೂರು ಅಂಗೈಯೊಳಗೆ ಹೊಕ್ಕುತ್ತಿತ್ತು. ರಕ್ತ ಹೆಚ್ಚು ಬರುತ್ತಿರಲಿಲ್ಲ. ತಾಯಿ ಕೈ ತೊಳೆದು ಬಟ್ಟೆ ಕಟ್ಟುತ್ತಿದ್ದಳು. ಎರಡು ದಿನದಲ್ಲಿ ಮೇಲಿನ ಚರ್ಮ ಮುಚ್ಚಿಕೊಳ್ಳುತ್ತಿತ್ತು, ಹುಡುಗ ಮತ್ತೆ ಆಟಕ್ಕೆ ಹೋಗುತ್ತಿದ್ದ. ಸುಮಾರು ಒಂದು ವಾರದ ಬಳಿಕ ದವಡೆ ನೋಯುತ್ತದೆ ಎನ್ನುತ್ತಿದ್ದ. ಆಗ ಬಂದ ವೈದ್ಯನಿಂದ ಹೆಚ್ಚೇನೂ ಮಾಡಲು ಸಾಧ್ಯವಿರಲಿಲ್ಲ.

ಇದರ ಕಾರಣ ಆ ಹೊತ್ತಿಗಾಗಲೇ ವಿಜ್ಞಾನಕ್ಕೆ ತಿಳಿದಿತ್ತು. ಧನುರ್ವಾಯುವಿನ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕುದುರೆ ದನಗಳ ಸಗಣಿಯಲ್ಲಿ ಇರುತ್ತದೆ. ಜಪಾನಿನ ಕಿತಾಸಾತೊ 1889ರಲ್ಲಿ ಬರ್ಲಿನ್‌ನಲ್ಲಿ ಅದನ್ನು ಪ್ರತ್ಯೇಕಿಸಿ ಬೆಳೆಸಿದ್ದರು. ಗಾಳಿ ಆಡದ ಜಾಗದಲ್ಲಿ ಮಾತ್ರ ಅದು ಬೆಳೆಯುತ್ತದೆ. ತೆರೆದ ದೊಡ್ಡ ಗಾಯಕ್ಕಿಂತ, ಮೇಲೆ ಮುಚ್ಚಿ ಒಳಗೆ ರಟ್ಟಿನ ಚೂರು ಉಳಿದ ಸಣ್ಣ ಗಾಯವೇ ಅದಕ್ಕೆ ಹೇಳಿ ಮಾಡಿಸಿದ ಮನೆ. ಕುದುರೆಗಾಡಿ ಓಡಾಡುವ ಬೀದಿಯಲ್ಲಿ ದಿನವಿಡೀ ಆಡಿದ ಹುಡುಗನ ಅಂಗೈಗೆ ಅಂಟಿದ ಧೂಳೂ ಬಿರಡೆಯ ಜೊತೆ ಒಳಹೋಗುತ್ತಿತ್ತು. 1890ರಲ್ಲಿ ಬೇರಿಂಗ್ ಮತ್ತು ಕಿತಾಸಾತೊ ಈ ವಿಷಕ್ಕೆ ಪ್ರತಿವಿಷವಿದೆ ಎಂಬುದನ್ನೂ ತೋರಿಸಿಕೊಟ್ಟಿದ್ದರು. ಅಂದರೆ ಕಾರಣವೂ ಗೊತ್ತಿತ್ತು, ಒಂದು ಮಟ್ಟಿಗೆ ಪರಿಹಾರವೂ ಇತ್ತು. ಆದರೂ ಮಕ್ಕಳು ಸಾಯುತ್ತಲೇ ಇದ್ದರು. ಯಾಕೆ?

ಒಟ್ಟು ಎಷ್ಟು ಮಕ್ಕಳು ಸಾಯುತ್ತಿದ್ದಾರೆಂದು ಯಾರೂ ಸರಿಯಾಗಿ ನೋಡಿರಲಿಲ್ಲ ಎಂಬುದೇ ಇದಕ್ಕೆ ಮುಖ್ಯ ಉತ್ತರ. ಸಾವು ಹಬ್ಬದ ದಿನ ಬರುತ್ತಿರಲಿಲ್ಲ, ವಾರದ ಬಳಿಕ ಬರುತ್ತಿತ್ತು. ಒಂದು ಊರಿನಲ್ಲಿ ಒಬ್ಬ, ಇನ್ನೊಂದು ಊರಿನಲ್ಲಿ ಇಬ್ಬರು. ಪ್ರತಿಯೊಂದು ಮನೆಯೂ ಅದನ್ನು ತನ್ನ ದುರದೃಷ್ಟ ಎಂದುಕೊಂಡಿತು. ಸ್ಥಳೀಯ ಪತ್ರಿಕೆಯಲ್ಲಿ ನಾಲ್ಕು ಸಾಲಿನ ಸುದ್ದಿ ಬಂತು. ಅಷ್ಟೊತ್ತಿಗೆ ಹಬ್ಬ ಎಲ್ಲರಿಗೂ ಹಳೆಯದಾಗಿತ್ತು.

1903ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆ ಲೆಕ್ಕ ಹಾಕಲು ಮುಂದಾಯಿತು. ದೇಶದ ಉದ್ದಗಲದ ಪತ್ರಿಕಾ ಸುದ್ದಿಗಳನ್ನೂ ವೈದ್ಯರ ವರದಿಗಳನ್ನೂ ಸೇರಿಸಿತು. ಆ ಒಂದು ಹಬ್ಬದಲ್ಲಿ 466 ಮಂದಿ ಸತ್ತಿದ್ದರು, 3,983 ಮಂದಿ ಗಾಯಗೊಂಡಿದ್ದರು. 174 ಮಂದಿ ಬೆರಳು ಕಳೆದುಕೊಂಡಿದ್ದರು. 54 ಮಂದಿ ಕೈಯನ್ನೋ ತೋಳನ್ನೋ ಕಾಲನ್ನೋ ಕಳೆದುಕೊಂಡಿದ್ದರು. 10 ಮಂದಿಯ ಎರಡೂ ಕಣ್ಣು, 75 ಮಂದಿಯ ಒಂದು ಕಣ್ಣು ಹೋಗಿತ್ತು. ಎಲ್ಲಕ್ಕಿಂತ ಆಘಾತಕಾರಿಯಾದುದು ಸಾವಿನ ಕಾರಣ. 466 ಸಾವುಗಳಲ್ಲಿ 406 ಧನುರ್ವಾಯುವಿನಿಂದ ಆದವು. ಅವುಗಳಲ್ಲಿ ಬಹುಪಾಲು ಆಟದ ಪಿಸ್ತೂಲಿನ ತೋಟಾದ ಗಾಯಗಳಿಂದ ಬಂದವು.

ಈ ಅಂಕಿಅಂಶ ಬಂದ ಮೇಲೆ ವೈದ್ಯರಿಗೆ ತಾವು ಮಾಡಬೇಕಾದುದು ಸ್ಪಷ್ಟವಾಯಿತು. ಅಂಗೈ ಗಾಯ ಎಷ್ಟೇ ಸಣ್ಣದಿರಲಿ, ಅದನ್ನು ಕೊಯ್ದು ತೆರೆಯಬೇಕು. ಒಳಗಿನ ಚೂರನ್ನೆಲ್ಲ ತೆಗೆಯಬೇಕು. ಹೊಲಿಯದೆ ಗಾಳಿಗೆ ಬಿಡಬೇಕು. ಲಕ್ಷಣಗಳಿಗೆ ಕಾಯದೆ ಮೊದಲೇ ಪ್ರತಿವಿಷದ ಚುಚ್ಚುಮದ್ದು ಕೊಡಬೇಕು. ಕಾಯಿಲೆ ಕಾಣಿಸಿದ ಮೇಲೆ ಆ ಮದ್ದಿನಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ಅನುಭವದಿಂದ ತಿಳಿದಿತ್ತು. ಈ ಸಲಹೆ ಜುಲೈಗೆ ಮುನ್ನವೇ ಊರೂರಿನ ವೈದ್ಯರಿಗೆ ತಲುಪಿತು. ಮರುವರ್ಷ, 1904ರಲ್ಲಿ ಧನುರ್ವಾಯು ಪ್ರಕರಣಗಳು 105ಕ್ಕೆ ಇಳಿದವು. ಒಟ್ಟು ಸಾವು 183ಕ್ಕೆ ಇಳಿಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ವೈದ್ಯಶಾಸ್ತ್ರದ ಗೆಲುವು ಎನ್ನಬಹುದಿತ್ತು. ಆದರೆ ಅದೇ ಪಟ್ಟಿಯ ಇನ್ನೊಂದು ಕಾಲಂ ಬೇರೆಯೇ ಮಾತು ಹೇಳುತ್ತಿತ್ತು. 1904ರಲ್ಲಿ ಗಾಯಗೊಂಡವರು 3,986. ಹಿಂದಿನ ವರ್ಷಕ್ಕಿಂತ ಮೂರು ಹೆಚ್ಚು. 1906ರಲ್ಲಿ ಅದು 5,308 ಆಯಿತು, 1908ರಲ್ಲಿ 5,460. ವೈದ್ಯರು ಗಾಯವನ್ನು ಚೆನ್ನಾಗಿ ನೋಡಿಕೊಳ್ಳಲು ಕಲಿತಿದ್ದರು. ಆದರೆ ಗಾಯವಾಗುವುದನ್ನು ತಡೆಯುವುದು ಅವರ ಕೈಯಲ್ಲಿರಲಿಲ್ಲ. 1909ರಲ್ಲಿ ಧನುರ್ವಾಯು ಪ್ರಕರಣಗಳು ಮತ್ತೆ 150ಕ್ಕೆ ಏರಿದವು, 215 ಮಂದಿ ಸತ್ತರು. ಐದಾರು ವರ್ಷಗಳ ಗಳಿಕೆ ಎಷ್ಟು ದುರ್ಬಲವಾಗಿತ್ತೆಂಬುದು ಆಗ ಗೊತ್ತಾಯಿತು.

ಅಷ್ಟರಲ್ಲಿ ಒತ್ತಡ ಬೇರೆ ಕಡೆಯಿಂದಲೂ ಬರತೊಡಗಿತ್ತು. ನ್ಯೂಯಾರ್ಕಿನಲ್ಲಿ ಜೂಲಿಯಾ ಬಾರ್ನೆಟ್ ರೈಸ್ ಎಂಬ, ವೈದ್ಯಕೀಯ ಓದಿದ ಮಹಿಳೆ 1906ರಲ್ಲಿ ಅನಗತ್ಯ ಗದ್ದಲದ ವಿರುದ್ಧ ಒಂದು ಸಂಘ ಕಟ್ಟಿದ್ದರು. ಹಡ್ಸನ್ ನದಿಯ ಹಡಗುಗಳ ಶಿಳ್ಳೆಯ ವಿರುದ್ಧ ಶುರುವಾದ ಅವರ ಹೋರಾಟ ಜುಲೈ 4ರ ಪಟಾಕಿಯವರೆಗೆ ಬಂತು. ಕ್ಲೀವ್‌ಲ್ಯಾಂಡ್ ನಗರದಲ್ಲಿ 1908ರ ಜುಲೈ 3ರಂದು ಒಂದು ಅಂಗಡಿಯಲ್ಲಿ ಪಟಾಕಿ ತೋರಿಸುತ್ತಿದ್ದಾಗ ಬೆಂಕಿ ಹತ್ತಿ 7 ಮಂದಿ ಸತ್ತರು. ಅದೇ ತಿಂಗಳು ನಗರಸಭೆ ಪಟಾಕಿ ಮಾರಾಟ ಮತ್ತು ಬಳಕೆಯನ್ನು ನಿಷೇಧಿಸಿತು. ರಾಜಧಾನಿ ವಾಷಿಂಗ್ಟನ್ 1909ರಲ್ಲಿ ಅದೇ ದಾರಿ ಹಿಡಿಯಿತು. "ಸುರಕ್ಷಿತ, ವಿವೇಕಯುತ ಜುಲೈ ನಾಲ್ಕು" ಎಂಬುದು ಚಳವಳಿಯ ಹೆಸರಾಯಿತು.

ವಿರೋಧ ಇರಲಿಲ್ಲವೇ? ಖಂಡಿತ ಇತ್ತು. ವ್ಯಾಪಾರಿಗಳು ನಷ್ಟದ ಮಾತೆತ್ತಿದರು. ಹುಡುಗರ ಸಂತೋಷ ಕಸಿಯುತ್ತೀರಿ, ದೇಶಭಕ್ತಿಗೆ ತಣ್ಣೀರೆರಚುತ್ತೀರಿ ಎಂದವರೂ ಇದ್ದರು. ಆದ್ದರಿಂದಲೇ ಅನೇಕ ನಗರಗಳು ನಿಷೇಧದ ಜೊತೆಗೆ ಬದಲಿಯನ್ನೂ ಕೊಟ್ಟವು. ಮೆರವಣಿಗೆ, ಆಟೋಟ, ಸಂಗೀತ, ಚರಿತ್ರೆಯ ರೂಪಕಗಳು ನಡೆದವು. ರಾತ್ರಿ ತಿಳಿದವರ ಕೈಯಿಂದ ಸಾರ್ವಜನಿಕ ಬಾಣಬಿರುಸು ಹಾರಿಸಲಾಯಿತು. ಹಬ್ಬ ನಿಲ್ಲಲಿಲ್ಲ, ಮದ್ದು ಮಾತ್ರ ಮಕ್ಕಳ ಕೈಯಿಂದ ಹೊರಹೋಯಿತು.

ಇದರ ಫಲ ಅದೇ ಪಟ್ಟಿಯಲ್ಲಿ ದಾಖಲಾಗಿದೆ. 1910ರಲ್ಲಿ ಸತ್ತವರು 131, ಗಾಯಗೊಂಡವರು 2,792. 1911ರಲ್ಲಿ ಸಾವು 57, ಗಾಯಾಳುಗಳು 1,546. 1912ರಲ್ಲಿ ಸಾವು 41, ಗಾಯಾಳುಗಳು 947. ಆ ವರ್ಷ ಇಡೀ ದೇಶದಲ್ಲಿ ಕಂಡ ಧನುರ್ವಾಯು ಪ್ರಕರಣಗಳು ಕೇವಲ 7. ಒಂಬತ್ತು ವರ್ಷಗಳ ಹಿಂದೆ ಆ ಕಾಯಿಲೆಯೊಂದೇ 406 ಜೀವ ತೆಗೆದಿತ್ತು.

ಈ ಚಳವಳಿಯನ್ನು ಪೂರ್ತಿ ಬಿಳಿಯಾಗಿ ಚಿತ್ರಿಸುವುದೂ ಸರಿಯಲ್ಲ. ಆಗ ಅಮೆರಿಕದ ನಗರಗಳಿಗೆ ಇಟಲಿ, ಪೋಲೆಂಡ್, ರಷ್ಯಾ ಕಡೆಗಳಿಂದ ಬಡ ವಲಸಿಗರು ದೊಡ್ಡ ಸಂಖ್ಯೆಯಲ್ಲಿ ಬರುತ್ತಿದ್ದರು. ಸುಧಾರಕರಲ್ಲಿ ಹಲವರಿಗೆ ಮಕ್ಕಳ ಕೈ ಉಳಿಸುವುದರ ಜೊತೆಗೆ ಈ 'ಹೊರಗಿನವರಿಗೆ' ಶಿಸ್ತು ಕಲಿಸುವ ಹಂಬಲವೂ ಇತ್ತು. 1915ರ ಜುಲೈ 4ನ್ನು 'ಅಮೆರಿಕೀಕರಣ ದಿನ' ಎಂದೇ ಆಚರಿಸಲಾಯಿತು. ಸುರಕ್ಷತೆಯ ಮಾತು ಬೇರೆಯವರನ್ನು ತಿದ್ದುವ ಅಹಂಕಾರದ ಜೊತೆ ಬೆರೆಯುವುದು ಎಷ್ಟು ಸುಲಭ ಎಂಬುದಕ್ಕೆ ಇದೊಂದು ಉದಾಹರಣೆ.

ಮುಂದೆ 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ತೋಂ ರಾಮೋಂ ಧನುರ್ವಾಯುವಿನ ಲಸಿಕೆಗೆ ದಾರಿ ಮಾಡಿಕೊಟ್ಟರು. ನಾವು ಟಿ.ಟಿ. ಎಂದು ಕರೆಯುತ್ತಾ ಬಂದ, ಈಗ ಟಿಡಿ ರೂಪದಲ್ಲಿ ಕೊಡುವ ಚುಚ್ಚುಮದ್ದು ಅದರ ಫಲ. ಅಂಗೈ ಗಾಯದಿಂದ ಸಾಯುವ ಭಯ ಬಹುಮಟ್ಟಿಗೆ ಹೋಯಿತು. ಕೈ ಕಳೆದುಕೊಳ್ಳುವ ಭಯ ಮಾತ್ರ ಹೋಗಿಲ್ಲ. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗ 2023ರಲ್ಲಿ ಪಟಾಕಿಯಿಂದ 8 ಸಾವು, ಸುಮಾರು 9,700 ಗಾಯಾಳುಗಳೆಂದು ಅಂದಾಜಿಸಿತು. ಅತಿ ಹೆಚ್ಚು ಗಾಯವಾದುದು ಕೈ ಮತ್ತು ಬೆರಳುಗಳಿಗೆ. 2015ರ ಜುಲೈ 4ರಂದು ಪ್ರಖ್ಯಾತ ಫುಟ್‌ಬಾಲ್ ಆಟಗಾರ ಜೇಸನ್ ಪಿಯರ್-ಪಾಲ್ ಬಲಗೈಯ ತೋರುಬೆರಳನ್ನೇ ಕಳೆದುಕೊಂಡರು. ನುರಿತ ಕ್ರೀಡಾಪಟುವಿನ ಕೈ ಕೂಡ ಸಿಡಿಮದ್ದಿಗಿಂತ ವೇಗವಾಗಿ ಸರಿಯಲಾರದು.

ನಮ್ಮ ಊರುಗಳಿಗೆ ಈ ಚರಿತ್ರೆ ತೀರಾ ದೂರದ್ದಲ್ಲ. ದೀಪಾವಳಿಯ ದಿನಗಳಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯ ಮುಂದೆ ಪ್ರತಿ ವರ್ಷ ಮಕ್ಕಳನ್ನು ಎತ್ತಿಕೊಂಡು ಬರುವ ಹೆತ್ತವರನ್ನು ಕಾಣುತ್ತೇವೆ. 2018ರಲ್ಲಿ ಸುಪ್ರೀಂ ಕೋರ್ಟ್ ದೀಪಾವಳಿಯ ಪಟಾಕಿಗೆ ರಾತ್ರಿ 8ರಿಂದ 10ರ ಸಮಯ ಗೊತ್ತುಮಾಡಿದಾಗ ನಡೆದ ವಾದಗಳನ್ನು ಕೇಳಿದವರಿಗೆ ಅಮೆರಿಕದ ಆ ವಾದಗಳು ಹೊಸದೆನಿಸಲಾರವು.

ಆದರೆ ಈ ಪತ್ರಿಕೆಯನ್ನು ಓದುವ ಮುಸ್ಲಿಮರು ಇದನ್ನು ಇತರರ ಹಬ್ಬದ ಮೇಲೆ ಬೆರಳು ತೋರಿಸಲು ಬಳಸಿದರೆ ಕಥೆಯ ಸಾರವೇ ತಪ್ಪಿಹೋಗುತ್ತದೆ. ಟರ್ಕಿಯಲ್ಲಿ ಪ್ರತಿ ಬಕ್ರೀದಿನಂದು ಸಾವಿರಾರು ಮಂದಿ ಕತ್ತಿಯಿಂದ ಕೈ ಕೊಯ್ದುಕೊಂಡು ಆಸ್ಪತ್ರೆ ಸೇರುತ್ತಾರೆ. ಅಲ್ಲಿನ ಪತ್ರಿಕೆಗಳು ಅವರನ್ನು 'ಅನನುಭವಿ ಕಟುಕರು' ಎಂದು ಕರೆದು ವರ್ಷವರ್ಷವೂ ಸುದ್ದಿ ಮಾಡುತ್ತವೆ. ವರ್ಷಕ್ಕೊಮ್ಮೆ ಮಾತ್ರ ಕತ್ತಿ ಹಿಡಿಯುವ ಕೈ, ಹೆದರಿ ಒದರುವ ಪ್ರಾಣಿ, ಸುತ್ತ ನೆರೆದ ಮಕ್ಕಳು, ಅವಸರ. ನಮ್ಮ ಮೊಹಲ್ಲಾಗಳಲ್ಲಿ ಈ ದೃಶ್ಯ ನೋಡದವರು ಯಾರಿದ್ದಾರೆ? ಅದರ ಲೆಕ್ಕವನ್ನು ನಮ್ಮ ಯಾವ ಜಮಾಅತ್ ಇಟ್ಟಿದೆ?

1903ರಲ್ಲಿ ಲೆಕ್ಕ ಹಾಕಿದವರು ಸ್ವಾತಂತ್ರ್ಯ ದಿನದ ವಿರೋಧಿಗಳಾಗಿರಲಿಲ್ಲ. ಅವರ ಮಕ್ಕಳೂ ಅದೇ ಬೀದಿಯಲ್ಲಿ ಪಟಾಕಿ ಹೊಡೆಯುತ್ತಿದ್ದರು. ತಮ್ಮದೇ ಹಬ್ಬದ ಗಾಯವನ್ನು ಎಣಿಸಿ ಬಹಿರಂಗವಾಗಿ ಪ್ರಕಟಿಸಿದ್ದರಿಂದ ಅವರ ಮಾತನ್ನು ದ್ವೇಷವೆಂದು ತಳ್ಳಿಹಾಕುವುದು ಕಷ್ಟವಾಯಿತು. ಯಾವುದೇ ಹಬ್ಬದ ಸಮಿತಿ, ಮಸೀದಿಯದಿರಲಿ, ದೇವಸ್ಥಾನದ್ದಿರಲಿ, ಊರ ಉತ್ಸವದ್ದಿರಲಿ, ಮುಂದಿನ ವರ್ಷದ ತಯಾರಿಯ ಸಭೆ ಸೇರಿದಾಗ ಜಮಾಖರ್ಚಿನ ಜೊತೆಗೆ ಇನ್ನೊಂದು ಲೆಕ್ಕವನ್ನೂ ಓದಬಹುದು: ಕಳೆದ ಸಲ ನಮ್ಮ ಹಬ್ಬದಲ್ಲಿ ಎಷ್ಟು ಮಂದಿಯ ಕೈಗೆ ಗಾಯವಾಯಿತು, ಯಾವುದರಿಂದ ಆಯಿತು, ಅವರಲ್ಲಿ ಮಕ್ಕಳು ಎಷ್ಟು. ಇದಕ್ಕೆ ಹಣ ಬೇಡ, ಕಾನೂನು ಬೇಡ. ಊರಿನ ವೈದ್ಯರನ್ನು ಹಬ್ಬ ಮುಗಿದ ವಾರದ ಬಳಿಕ ಒಮ್ಮೆ ವಿಚಾರಿಸಿದರೆ ಸಾಕು.