ವಾಹನ ನೋಂದಣಿ ಫಲಕ (ಕರ್ನಾಟಕ)

ಮೋಟಾರು ವಾಹನದ ಮುಂದೆಯೂ ಹಿಂದೆಯೂ ಇರಲೇಬೇಕಾದ, ಅದರ ನೋಂದಣಿ ಗುರುತನ್ನು ತೋರಿಸುವ ತಗಡು. ಬಳಕೆಯಲ್ಲಿ ನಂಬರ್ ಪ್ಲೇಟ್; ಬಾಡಿಗೆ ಗಾಡಿಯವರ ಬಾಯಲ್ಲಿ ಬರೀ ಬೋರ್ಡ್. ಈಗಿನ ವ್ಯವಸ್ಥೆಗೆ 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಆಧಾರ. ಎರಡೂ 1989ರ ಜುಲೈ 1ರಂದು ಜಾರಿಗೆ ಬಂದವು. ರಾಜ್ಯಕ್ಕೆ ‘ಕೆಎ’ ಎಂಬ ಜೋಡಿ ಅಕ್ಷರ ಸಿಕ್ಕಿದ್ದು ಆಗಲೇ.

ಸಂಖ್ಯೆಯ ಕಟ್ಟು

ಗುರುತಿನಲ್ಲಿ ನಾಲ್ಕು ತುಂಡುಗಳಿವೆ: ರಾಜ್ಯದ ಅಕ್ಷರಗಳು, ಸಾರಿಗೆ ಕಚೇರಿಯ ಎರಡಂಕಿ, ಸರಣಿಯ ಒಂದೋ ಎರಡೋ ಅಕ್ಷರ, ಕೊನೆಗೆ 9999ರವರೆಗಿನ ಸಂಖ್ಯೆ. ಒಂದು ಮತ್ತು ಸೊನ್ನೆಯೊಡನೆ ಗೊಂದಲವಾಗುವುದರಿಂದ ಸರಣಿಯಲ್ಲಿ ‘ಐ’, ‘ಓ’ ಬಳಸುವುದಿಲ್ಲ. ಕನಕಪುರ ರಸ್ತೆಯ ಕೋಣನಕುಂಟೆ ಕ್ರಾಸ್‌ನಲ್ಲಿ ಸಿಗ್ನಲ್ ಬಿದ್ದಾಗ ನಿಂತ ಗಾಡಿಗಳಲ್ಲಿ ಹೆಚ್ಚಿನವು ಕೆಎ-05, ಅಂದರೆ ಜಯನಗರದ ಬೆಂಗಳೂರು ದಕ್ಷಿಣ ಕಚೇರಿಯವು. ನಡುನಡುವೆ ಎಲೆಕ್ಟ್ರಾನಿಕ್ ಸಿಟಿಯ 51, ಕೆಂಗೇರಿ ಕಡೆಯ 41, ರಾಮನಗರದ 42 ಸೇರಿಕೊಳ್ಳುತ್ತವೆ. ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣವೆಂದೇ ಹೆಸರಿಡಲು ಸಚಿವ ಸಂಪುಟ 2025ರಲ್ಲಿ ಒಪ್ಪಿದ್ದರಿಂದ, ಈ ರಸ್ತೆಯಲ್ಲಿ ‘ಬೆಂಗಳೂರು ದಕ್ಷಿಣದ ಗಾಡಿ’ ಎಂದರೆ ಯಾವುದು ಎಂದು ಇನ್ನು ಮುಂದೆ ಬಿಡಿಸಿ ಹೇಳಬೇಕಾಗುತ್ತದೆ.

ಎರಡಂಕಿ ಹೇಳುವುದು ವಾಹನ ಎಲ್ಲಿ ನೋಂದಣಿಯಾಯಿತು ಎಂಬುದನ್ನಷ್ಟೆ. ಮಾಲೀಕ ರಾಜ್ಯದೊಳಗೆ ಎಲ್ಲಿಗೆ ಹೋಗಿ ನೆಲೆಸಿದರೂ ದಾಖಲೆಯಲ್ಲಿ ವಿಳಾಸ ಬದಲಾಗುತ್ತದೆಯೇ ಹೊರತು ಸಂಖ್ಯೆಯಲ್ಲ. ಜರ್ಮನಿಯಲ್ಲಿ ಊರಿನ ಅಕ್ಷರಗಳು (ಮ್ಯೂನಿಕ್‌ಗೆ ‘ಎಂ’, ಬರ್ಲಿನ್‌ಗೆ ‘ಬಿ’, ವೋಲ್ಫ್ಸ್‌ಬುರ್ಗ್‌ಗೆ ‘ಡಬ್ಲ್ಯುಓಬಿ’) ಮಾಲೀಕನ ವಾಸಸ್ಥಳವನ್ನು ಸೂಚಿಸುತ್ತಿದ್ದವು. ಮನೆ ಬದಲಿಸಿದರೂ ಹಳೆಯ ಫಲಕ ಉಳಿಸಿಕೊಳ್ಳುವ ಅವಕಾಶ ಅಲ್ಲಿ ದೇಶದಾದ್ಯಂತ ಸಿಕ್ಕಿದ್ದು 2015ರಲ್ಲಿ.

ಸಂಕೇತಗಳ ಭೂಪಟ

ಕರ್ನಾಟಕದ ಮೊದಲ ಮೂವತ್ತೊಂಬತ್ತು ಸಂಕೇತಗಳನ್ನು ಸಾಲಾಗಿ ಓದಿದರೆ ರಾಜ್ಯದ ಆಡಳಿತದ ನಕ್ಷೆಯೇ ಸಿಗುತ್ತದೆ. 01ರಿಂದ 05 ಬೆಂಗಳೂರು: ಕೋರಮಂಗಲ, ರಾಜಾಜಿನಗರ, ಇಂದಿರಾನಗರ, ಯಶವಂತಪುರ, ಜಯನಗರ. ಆಮೇಲೆ ಹಳೆ ಮೈಸೂರು ಸೀಮೆ: ತುಮಕೂರು 06, ಕೋಲಾರ 07, ಕೆಜಿಎಫ್ 08, ಮೈಸೂರು 09, ಹೀಗೆ ಸಾಗಿ ಚಿಕ್ಕಮಗಳೂರಿನ 18ರವರೆಗೆ, ನಡುವೆ ಕೊಡಗು 12. ಮಂಗಳೂರು 19, ಉಡುಪಿ 20, ಪುತ್ತೂರು 21 ಕರಾವಳಿಯವು. 22ರ ಬೆಳಗಾವಿಯಿಂದ ಮುಂಬೈ ಕರ್ನಾಟಕ, 32ರ ಕಲಬುರಗಿಯಿಂದ ಭಾಲ್ಕಿಯ 39ರವರೆಗೆ ಕಲಬುರಗಿ ವಿಭಾಗ.

ಈ ಸಾಲಿನಲ್ಲಿ ಕಣ್ಣಿಗೆ ಬೀಳುವುದು ಉತ್ತರ ಕನ್ನಡದ ಸ್ಥಾನ. ಕಡಲ ದಂಡೆಯಲ್ಲಿ ಉಡುಪಿ ಜಿಲ್ಲೆ ಮುಗಿದಲ್ಲಿ ಉತ್ತರ ಕನ್ನಡ ಶುರು. ಆದರೂ ಉಡುಪಿಗೆ 20, ಕಾರವಾರಕ್ಕೆ 30, ಶಿರಸಿಗೆ 31. ನಡುವೆ ಬೆಳಗಾವಿ, ಧಾರವಾಡ, ವಿಜಯಪುರಗಳೆಲ್ಲ ಬಂದುಹೋಗುತ್ತವೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬೈ ಪ್ರಾಂತಕ್ಕೆ ಸೇರಿತು. ಏಕೀಕರಣದ ಬಳಿಕವೂ ಬೆಳಗಾವಿ ಕಂದಾಯ ವಿಭಾಗದಲ್ಲೇ ಉಳಿಯಿತು. ಸಂಕೇತಗಳನ್ನು ಜೋಡಿಸಿದವರು ಕರಾವಳಿಯ ಗೆರೆಯನ್ನಲ್ಲ, ಈ ವಿಭಾಗದ ಗೆರೆಯನ್ನೇ ಹಿಡಿದಂತೆ ಕಾಣುತ್ತದೆ.

1997ರಲ್ಲಿ ಹುಟ್ಟಿದ ಜಿಲ್ಲೆಗಳ ಸಂಖ್ಯೆ ತಾಯಿ ಜಿಲ್ಲೆಯ ಮಗ್ಗುಲಲ್ಲೇ ಇದೆ: ಚಿತ್ರದುರ್ಗ 16, ದಾವಣಗೆರೆ 17, ಧಾರವಾಡ 25, ಗದಗ 26, ಹಾವೇರಿ 27, ರಾಯಚೂರು 36, ಕೊಪ್ಪಳ 37. ಹೊಸಪೇಟೆಯ 35 ಇನ್ನೂ ಸ್ವಾರಸ್ಯದ್ದು. ಬಳ್ಳಾರಿಯ 34ರ ಪಕ್ಕದ ಈ ಸಂಖ್ಯೆ ಬಳಕೆಗೆ ಬಂದು ಎಷ್ಟೋ ಕಾಲವಾದ ಮೇಲೆ, 2021ರಲ್ಲಿ, ಅದಕ್ಕೊಂದು ವಿಜಯನಗರ ಜಿಲ್ಲೆ ಬಂತು.

40ರಿಂದಾಚೆ ಈ ಕ್ರಮ ಕೈಬಿಟ್ಟಿದೆ. ಚಿಕ್ಕಬಳ್ಳಾಪುರ 40 ಮತ್ತು ತಾಯಿ ಜಿಲ್ಲೆ ಕೋಲಾರ 07ಕ್ಕೆ ನಂಟಿಲ್ಲ. ಧಾರವಾಡ 25, ಹುಬ್ಬಳ್ಳಿ 63. ಮೈಸೂರು ಪಶ್ಚಿಮ 09, ಪೂರ್ವ 55. ಹೊಸ ಕಚೇರಿಗಳಿಗೆ ಮುಂದಿನ ಅಂಕಿ ಕೊಡುತ್ತಾ ಹೋಗಿದ್ದಾರೆ. 2021ರ ಬಳಿಕವೂ ಅಥಣಿಯ 71ರಂಥವು ಸೇರಿರುವುದರಿಂದ ಪಟ್ಟಿ ಮುಗಿದಿದೆ ಎನ್ನಲಾಗದು.

ಅಕ್ಷರ ಸರಣಿ

ಸಂಖ್ಯೆಗೆ ಮುಂಚಿನ ಅಕ್ಷರ ವಾಹನದ ಜಾತಿಯನ್ನು ಹೇಳುತ್ತದೆ. ‘ಎಫ್’ ಸಾರಿಗೆ ನಿಗಮಗಳ ಬಸ್ಸುಗಳದು, ‘ಜಿ’ ಸರ್ಕಾರಿ ವಾಹನಗಳದು. ಬಾಡಿಗೆ ಗಾಡಿಗಳಿಗೆ ಸಾಮಾನ್ಯವಾಗಿ ‘ಎ’ಯಿಂದ ‘ಡಿ’ವರೆಗಿನವು, ಖಾಸಗಿ ಕಾರುಗಳಿಗೆ ‘ಎಂ’, ‘ಎನ್’, ‘ಪಿ’, ‘ಝಡ್’, ಟ್ರ್ಯಾಕ್ಟರ್‌ಗೆ ‘ಟಿ’. ಉಳಿದವುಗಳಲ್ಲಿ ಬಹುಪಾಲು ದ್ವಿಚಕ್ರಿಗಳ ಪಾಲು. ಹಾಗಾಗಿ ‘ಎಂಎನ್’ ಎಂದು ಕೇಳಿದರೆ ಸಾಕು, ಕಾರು ಎಂದು ಊಹಿಸಬಹುದು. ಫ್ಯಾನ್ಸಿ ನಂಬರನ್ನು ಇಲಾಖೆ ಹರಾಜು ಹಾಕುತ್ತದೆ. ಅಂಕಿಗಳನ್ನು ಕೂಡಿದರೆ ಒಂಬತ್ತು ಬರಬೇಕು, ಎಂಟು ಬರಬಾರದು ಎಂಬ ನಂಬಿಕೆ ಈ ಹರಾಜಿನ ಬೆನ್ನಿಗಿದೆ.

ಬಣ್ಣಗಳು

ಬಿಳಿಯ ಮೇಲೆ ಕಪ್ಪು ಸ್ವಂತದ ಗಾಡಿಗೆ, ಹಳದಿಯ ಮೇಲೆ ಕಪ್ಪು ಬಾಡಿಗೆಯದಕ್ಕೆ. ‘ವೈಟ್ ಬೋರ್ಡ್’ ಎಂಬ ಮಾತಿಗೆ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬೈಗುಳದ ಛಾಯೆಯಿದೆ: ಪರವಾನಗಿ ಇಲ್ಲದೆ ಬಾಡಿಗೆಗೆ ಓಡುವ ಸ್ವಂತದ ಕಾರು. ಕಪ್ಪಿನ ಮೇಲೆ ಹಳದಿ, ಗಿರಾಕಿಯೇ ಓಡಿಸುವ ಬಾಡಿಗೆ ವಾಹನದ್ದು. ವಿದ್ಯುತ್ ವಾಹನಗಳಿಗೆ 2018ರಿಂದ ಹಸಿರು ಹಿನ್ನೆಲೆ. ಅಕ್ಷರ ಸ್ವಂತದ್ದಕ್ಕೆ ಬಿಳಿ, ಬಾಡಿಗೆಯದಕ್ಕೆ ಹಳದಿ. ಹಳದಿಯ ಮೇಲೆ ಕೆಂಪಕ್ಷರ ತಾತ್ಕಾಲಿಕ ನೋಂದಣಿ. ಕೆಂಪಿನ ಮೇಲೆ ಬಿಳಿ ಮಾರಾಟಗಾರರ ಬಳಿಯ ವಾಹನ. ವಿದೇಶಿ ದೂತಾವಾಸಗಳ ನೀಲಿ ಫಲಕದಲ್ಲಿ ಮೊದಲಿಗೆ ಬರುವ ಅಂಕಿ ದೇಶದ ಸಂಕೇತ. ಸೇನೆಯ ವಾಹನಗಳು ರಾಜ್ಯದ ಪಟ್ಟಿಗೆ ಸೇರುವುದಿಲ್ಲ. ಮೇಲ್ಮುಖ ಬಾಣವೇ ಅವುಗಳ ಗುರುತು.

ಅತಿ ಸುರಕ್ಷಿತ ಫಲಕ

ಎಚ್‌ಎಸ್‌ಆರ್‌ಪಿ ಎಂದೇ ಪರಿಚಿತವಾದ ಇದು ಅಲ್ಯೂಮಿನಿಯಂ ತಗಡು. ಎಡ ಮೇಲ್ಮೂಲೆಯಲ್ಲಿ 20 ಮಿಲಿಮೀಟರ್ ಚೌಕದ, ಅಶೋಕ ಚಕ್ರವಿರುವ ಕ್ರೋಮಿಯಂ ಹಾಲೋಗ್ರಾಂ. ಅದರ ಕೆಳಗೆ ನೀಲಿಯಲ್ಲಿ ‘ಐಎನ್‌ಡಿ’. ಮೂಲೆಯಲ್ಲಿ ಲೇಸರ್‌ನಿಂದ ಕೊರೆದ ಹತ್ತಂಕಿಯ ಶಾಶ್ವತ ಗುರುತು. ಉಬ್ಬಕ್ಷರಗಳ ಮೇಲಿನ ಪೊರೆಯಲ್ಲಿ 45 ಡಿಗ್ರಿ ವಾಲಿದ ‘ಇಂಡಿಯಾ’ ಎಂಬ ಬರಹ. ಫಲಕವನ್ನು ಹಿಡಿಯುವ ಲಾಕ್ ಬಿಚ್ಚಿದರೆ ಮತ್ತೆ ಕೂರದು. ಅಳತೆ ಕಾರಿಗೆ ಸಾಮಾನ್ಯವಾಗಿ 500×120, ಬೈಕಿನ ಹಿಂಬದಿಗೆ 200×100 ಮಿಲಿಮೀಟರ್. ಕಾರಿನ ಗಾಜಿಗೆ ಅಂಟಿಸುವ ಚೀಟಿಯೂ ಇದರ ಭಾಗ: ಪೆಟ್ರೋಲ್, ಸಿಎನ್‌ಜಿಗೆ ತಿಳಿನೀಲಿ, ಡೀಸೆಲ್‌ಗೆ ಕಿತ್ತಳೆ.

ನಿಯಮ 2001ರದು; ಹೊಸ ವಾಹನಗಳಿಗೆ ದೇಶದಾದ್ಯಂತ ಕಡ್ಡಾಯವಾದದ್ದು 2019ರ ಏಪ್ರಿಲ್ 1ರಿಂದ. ಅದಕ್ಕೂ ಹಿಂದಿನ ವಾಹನಗಳಿಗೆ ಕರ್ನಾಟಕ ಸರ್ಕಾರ 2023ರ ಆಗಸ್ಟ್‌ನಲ್ಲಿ ಆದೇಶಿಸಿ, ನವೆಂಬರ್ 17ರ ಗಡುವು ಕೊಟ್ಟಿತು. ಸುಮಾರು ಎರಡು ಕೋಟಿ ವಾಹನಗಳ ಮಾತಾದ್ದರಿಂದ ಗಡುವು ಮೊದಲು 2024ರ ಫೆಬ್ರವರಿಗೆ, ಬಳಿಕ ಮೇ ತಿಂಗಳಿಗೆ, ಆಮೇಲೂ ಮುಂದಕ್ಕೆ ಹೋಯಿತು.

ಈ ಫಲಕ ತಡೆಯಹೊರಟಿರುವ, ಸಂಖ್ಯೆ ತಿದ್ದುವ ಮೋಸಕ್ಕೆ ಜರ್ಮನಿ ಅಕ್ಷರದ ಆಕಾರದಲ್ಲೇ ಉತ್ತರ ಹುಡುಕಿತು. ಅಲ್ಲಿ 2000ದ ನವೆಂಬರ್‌ನಿಂದ ಕಡ್ಡಾಯವಾದ ಲಿಪಿಯಲ್ಲಿ ಕಪ್ಪು ಬಣ್ಣ ಬಳಿದು ‘ಪಿ’ಯನ್ನು ‘ಆರ್’ ಮಾಡಲಾಗದು, ಮೂರನ್ನು ಎಂಟು ಮಾಡಲಾಗದು.

ಹೊರರಾಜ್ಯದ ಫಲಕ

ಬೇರೆ ರಾಜ್ಯದ ವಾಹನ ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಹೊಸ ಗುರುತು ಪಡೆಯಬೇಕೆನ್ನುತ್ತದೆ ಕಾಯ್ದೆಯ 47ನೇ ಕಲಂ. ಮೂವತ್ತು ದಿನ ದಾಟಿದರೆ ಆಜೀವ ತೆರಿಗೆ ಕಟ್ಟಬೇಕೆಂದು ಕರ್ನಾಟಕ 2014ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟ್‌ನ ಏಕಸದಸ್ಯ ಪೀಠ 2016ರಲ್ಲಿ ರದ್ದುಪಡಿಸಿತು. ವರ್ಗಾವಣೆಯ ನೌಕರರಿಗಾಗಿ 2021ರ ಸೆಪ್ಟೆಂಬರ್‌ನಲ್ಲಿ ಬಂದ ‘ಬಿಎಚ್’ ಸರಣಿಯಲ್ಲಿ ರಾಜ್ಯದ ಹೆಸರೇ ಇಲ್ಲ. ನೋಂದಣಿಯ ವರ್ಷ ಮೊದಲು ಬರುತ್ತದೆ, ತೆರಿಗೆ ಎರಡೆರಡು ವರ್ಷಕ್ಕೆ.

ಲಿಪಿ

ಕೇಂದ್ರ ನಿಯಮ ಕೇಳುವುದು ಇಂಗ್ಲಿಷ್ ಅಕ್ಷರ, ಅರೇಬಿಕ್ ಅಂಕಿ. ಆದರೂ ಬೆಂಗಳೂರಿನ ಆಟೋ, ಬೈಕುಗಳ ಮೇಲೆ ಕನ್ನಡದ ‘ಕೆಎ ೦೫’ ಬಹುಕಾಲದಿಂದ ಇದೆ. ಸಾರಿಗೆ ಬಸ್ಸುಗಳಲ್ಲೂ ಕನ್ನಡ ಅಂಕಿ ಕಾಣಸಿಗುತ್ತದೆ. ಎಚ್‌ಎಸ್‌ಆರ್‌ಪಿಯಲ್ಲಿ ಅದಕ್ಕೆ ಜಾಗವಿಲ್ಲ.

ಹಳೆಯ ಗುರುತುಗಳು

1989ಕ್ಕೆ ಮುಂಚೆ ಮೂರಕ್ಷರ ಮತ್ತು ಗರಿಷ್ಠ ನಾಲ್ಕಂಕಿ ಇರುತ್ತಿತ್ತು. ಮೈಸೂರು ರಾಜ್ಯದ ಕಾಲದ ‘ಎಂವೈ’, ‘ಎಂಇ’, ಬಳಿಕದ ‘ಸಿಎ’ಗಳಿಂದ ಶುರುವಾಗುವ ಫಲಕಗಳು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾ, ಯೆಜ್ಡಿಗಳ ಮೇಲೆ ಇನ್ನೂ ಓಡಾಡುತ್ತಿವೆ. ಐವತ್ತು ವರ್ಷ ದಾಟಿದ ವಾಹನಗಳಿಗೆ 2021ರ ನಿಯಮ ‘ವಿಎ’ ಸರಣಿಯನ್ನು ತಂದಿತು. ಜರ್ಮನಿಯಲ್ಲಿ ಮೂವತ್ತಾದರೆ ಸಾಕು, ಸಂಖ್ಯೆಯ ಕೊನೆಗೆ ‘ಎಚ್’ ಸೇರುತ್ತದೆ. ನಮ್ಮಲ್ಲಿ ಈಗಾಗಲೇ ನೋಂದಣಿಯಾಗಿರುವ ಹಳೆಯ ವಾಹನಕ್ಕೆ ಮೂಲ ಗುರುತನ್ನೇ ಉಳಿಸಿಕೊಳ್ಳಬಹುದು. ‘ವಿಎ’ ಹೊಸದಾಗಿ ನೋಂದಾಯಿಸುವ ಹಳೆಯ ವಾಹನಗಳಿಗೆ.