ಮಲೆ ಜರಿದ ವರ್ಷದ ಗ್ರಾಮ ಪಂಚಾಯಿತಿ

2023ನೆಯ ಜುಲೈ 13ರಂದು ದಿಲ್ಲಿಯಲ್ಲಿ ಯಮುನೆ 208.66 ಮೀಟರಿಗೆ ಏರಿ, 1978ರ ಮಹಾಪೂರದ 207.49 ಮೀಟರನ್ನು ಮೀರಿತು. ದಿಲ್ಲಿಯ ಹಳ್ಳಿಗಳಲ್ಲಿ 1990ರಿಂದ ಪಂಚಾಯಿತಿಗಳಿಲ್ಲ. ಇದ್ದಿದ್ದರೆ ನೆರೆ ಇಳಿದ ಮೇಲೆ ಅವು ಏನು ಮಾಡಬಲ್ಲವಾಗಿದ್ದುವು? ಇದನ್ನು ವಿಚಾರಿಸಲು ಕೊಡಗಿನ ಅನುಭವ ನೆರವಾಗುವುದು.

2018ರ ಆಗಸ್ಟ್ ಮಧ್ಯಭಾಗದಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲಗಳ ಸುತ್ತ ಗುಡ್ಡಗಳು ಜರಿದು ಮನೆ, ಗದ್ದೆ, ಕಾಫಿತೋಟಗಳು ಮಣ್ಣುಪಾಲಾದುವು. ಇಳಿಜಾರುಗಳನ್ನು ಕಡಿದುದರ ಪರಿಣಾಮವನ್ನು ಕುರಿತು ಭೂವಿಜ್ಞಾನಿಗಳು ಬರೆದಿದ್ದಾರೆ. ಪಂಚಾಯಿತಿಗಳ ವಿಚಾರವನ್ನು ಎತ್ತಿದವರು ವಿರಳ.

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸುತ್ತದೆ, ವಿಪತ್ತು ಅವುಗಳಲ್ಲಿಲ್ಲ. 2005ರ ವಿಪತ್ತು ನಿರ್ವಹಣಾ ಅಧಿನಿಯಮದ 41ನೆಯ ಪ್ರಕರಣವಾದರೋ ಪರಿಹಾರ, ಪುನರ್ವಸತಿ, ಪುನರ್ನಿರ್ಮಾಣಗಳನ್ನು ಸ್ಥಳೀಯ ಸಂಸ್ಥೆಯ ಕರ್ತವ್ಯವೆಂದೇ ವಿಧಿಸುತ್ತದೆ, ಜಿಲ್ಲಾ ಪ್ರಾಧಿಕಾರದ ನಿರ್ದೇಶನಕ್ಕೆ ಒಳಪಟ್ಟು. ಹೊಣೆ ಹಳ್ಳಿಗೆ ಬಂದಿತು. ಪರಿಹಾರದ ಹಣ ಮಾತ್ರ ಜಿಲ್ಲಾಧಿಕಾರಿ, ತಹಸೀಲ್ದಾರರ ಕಚೇರಿಗಳ ಮೂಲಕವೇ ಇಳಿದು ಬರತಕ್ಕದ್ದು.

ಪಂಚಾಯಿತಿಯ ಸ್ವಂತ ಆದಾಯದಲ್ಲಿ ಮುಖ್ಯವಾದುದು ಕಟ್ಟಡಗಳ ತೆರಿಗೆ. ಮನೆ ಬಿದ್ದಲ್ಲಿ ತೆರಿಗೆಯೂ ಬೀಳುತ್ತದೆ. ಕೊಚ್ಚಿಹೋದ ಕಾಲುಸಂಕಕ್ಕೂ ಒಡೆದ ನೀರಿನ ಕೊಳವೆಗೂ ಜನ ಮೊದಲು ಬರುವುದು ಪಂಚಾಯಿತಿಯ ಬಾಗಿಲಿಗೇ. (ತೋಟ ಹೋದರೂ ಅದರ ಮೇಲಣ ಸಾಲ ಹೋಗುವುದಿಲ್ಲವೆಂದು ಬ್ಯಾಂಕಿನವನಾದ ನಾನು ಹೇಳಲು ಸಂಕೋಚವಾಗುತ್ತದೆ.) ಅದರ ಕೈಯಲ್ಲಿದ್ದ ದೊಡ್ಡ ಸಾಧನವೆಂದರೆ ಆಗ ಜಾರಿಯಲ್ಲಿದ್ದ ಉದ್ಯೋಗ ಖಾತರಿ ಯೋಜನೆ. ಆದರೆ ಆ ಯೋಜನೆಯಲ್ಲಿ ಸಾಮಗ್ರಿಗೆ ಶೇಕಡ 40ಕ್ಕಿಂತ ಹೆಚ್ಚು ವೆಚ್ಚಮಾಡುವಂತಿರಲಿಲ್ಲ; ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ; ಯಂತ್ರಗಳನ್ನು ಸಾಧ್ಯವಾದಷ್ಟೂ ಬಳಸಕೂಡದು. ಬರಗಾಲದಲ್ಲಿ ಕೆರೆಯ ಹೂಳೆತ್ತಿಸಲು ಯೋಗ್ಯವಾದ ಈ ನಿಯಮ, ಜರಿದ ಗುಡ್ಡದ ಮಣ್ಣನ್ನು ಸರಿಸಿ ಕಲ್ಲಿನ ತಡೆಗೋಡೆ ಕಟ್ಟಬೇಕಾದಲ್ಲಿ ಕೈಯನ್ನೇ ಕಟ್ಟಿಹಾಕುವಂಥದು.

ವರ್ಷ ತುಂಬುವಷ್ಟರಲ್ಲಿ, 2019ರ ಆಗಸ್ಟ್‌ನಲ್ಲಿ, ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಮತ್ತೆ ಗುಡ್ಡ ಜರಿಯಿತು.

ನಿರಾಶ್ರಿತರಿಗಾಗಿ ಸರ್ಕಾರವು ಕರ್ಣಂಗೇರಿ, ಮದೆನಾಡು, ಜಂಬೂರುಗಳಲ್ಲಿ ಬಡಾವಣೆಗಳನ್ನು ಕಟ್ಟಿಸಿತು. ಮನೆ ಬೇರೊಂದು ಪಂಚಾಯಿತಿಯ ಎಲ್ಲೆಯೊಳಗೆ ಹೋದರೆ ತೆರಿಗೆಯೂ ಮತವೂ ಅದರ ಬೆನ್ನಿಗೆ ಹೋಗುತ್ತವೆ. ಅಳಿದುಳಿದ ತೋಟ ಹಿಂದೆ ಉಳಿಯುತ್ತದೆ. ಜಂಬೂರಿನ ಮನೆಗಳು ಜನರ ಕೈಸೇರಿದುದು 2020ರ ಜೂನ್ ತಿಂಗಳಲ್ಲಿ. 2015ರಲ್ಲಿ ಚುನಾಯಿತರಾದವರ ಐದು ವರ್ಷಗಳ ಅವಧಿ ಆಗಲೇ ತೀರುತ್ತ ಬಂದಿತ್ತು; ಮುಂದಿನ ಚುನಾವಣೆ ನಡೆದುದು ಆ ವರ್ಷದ ಡಿಸೆಂಬರಿನಲ್ಲಿ. ಹೊಸ ಬೀದಿಗಳಿಗೆ ನೀರು, ದೀಪ ಒದಗಿಸುವ ಕೆಲಸ ಮಲೆ ಜರಿದಾಗ ಅಧಿಕಾರದಲ್ಲಿದ್ದ ಸಭೆಗಳಿಗಲ್ಲ, ಅವುಗಳ ಮುಂದಿನ ಸಭೆಗಳಿಗೆ ಬಂದಿತು.